ಸರ್ವರ್ ಆಫ್ ಆದಮೇಲೆ ಉಳಿಯುವುದೇನು?

ನಮ್ಮ ಚಿತ್ತಾಪುರ ತಾಲ್ಲೂಕಿನ ಸನ್ನತಿ ನೋಡಿದ್ದೀರಾ? ಭೀಮಾ ನದಿ ದಡದ ಊರು. 1986ರಲ್ಲಿ ಅಲ್ಲಿನ ಚಂದ್ರಲಾಂಬಾ ದೇವಸ್ಥಾನದ ಆವರಣದಲ್ಲಿದ್ದ ಕಾಳಿ ಗುಡಿಯ ಚಾವಣಿ ಕುಸಿಯಿತು. ಮೂರ್ತಿಯ ಕೆಳಗಿದ್ದ ಪೀಠದ ಕಲ್ಲನ್ನು ನೋಡಿದರೆ ಅದು ಅಶೋಕನ ಶಾಸನ! ನಾಡಿಗೆಲ್ಲ ತಿಳಿಯಲಿ ಅಂತ ಚಕ್ರವರ್ತಿ ಕೆತ್ತಿಸಿದ್ದ ಮಾತಿನ ನಡುವೆಯೇ ಮೂರ್ತಿ ನಿಲ್ಲಿಸಲು ತೂತು ಕೊರೆದಿದ್ದರು. ಸೇಡಂ ಕಡೆ ಬಂದರೆ ಮಳಖೇಡ. ರಾಷ್ಟ್ರಕೂಟರ ರಾಜಧಾನಿ ಆಗಿದ್ದ ಊರಲ್ಲಿ ಈಗ ಕಾಗಿಣಾ ನದಿ ಪಕ್ಕ ಮುರಿದ ಕೋಟೆ ಇದೆ, ಅಷ್ಟೆ.

ಇಂಥ ಸೀಮೆಯಲ್ಲಿ ಬೆಳೆದವರಿಗೆ ‘ಹೆಸರು ಉಳಿಸಬೇಕು’ ಅನ್ನೋ ಮಾತು ಕೇಳಿದರೆ ನಗು ಬರಬೇಕು. ಬರಲ್ಲ. ಇಂಜಿನಿಯರಿಂಗ್ ಮುಗಿಸಿ ಬೆಂಗಳೂರಿನ ರೈಲು ಹತ್ತಿದ ನಮಗೆಲ್ಲ ಅದೇ ಗುಂಗು. ನಾಲ್ಕು ವರ್ಷ ನಾನು ಕೋಡ್ ಬರೆದ ಒಂದು ಆ್ಯಪ್ ಅನ್ನು ಕಂಪನಿ ಹೋದ ವರ್ಷ ನಿಲ್ಲಿಸಿತು. ಶುಕ್ರವಾರ ಸಂಜೆ ಸರ್ವರ್ ಆಫ್, ಸೋಮವಾರ ಹೊಸ ಪ್ರಾಜೆಕ್ಟ್. ಸಂಬಳ ನಿಲ್ಲಲಿಲ್ಲ. ಆದರೂ ಒಳಗೆ ಏನೋ ನಿಂತುಹೋಯ್ತು.

ಅದೇ ದಿನಗಳಲ್ಲಿ ಶಹಾಬಾದಿನಲ್ಲಿ ಅಪ್ಪ ಹಾಸಿಗೆ ಹಿಡಿದಿದ್ದರು. ಮೂವತ್ತು ವರ್ಷ ಪರಸಿ ಕಲ್ಲು ಕಡಿದವರು. ಒಂದು ರಾತ್ರಿ ಕೇಳಿದರು: “ಇಷ್ಟ್ ದಿನ ದುಡದು ನಾ ಏನ್ ಮಾಡ್ದಂಗಾತು ತಮ್ಮಾ?”

“ನೀ ಕಡದ ಕಲ್ಲು ಎಷ್ಟ್ ಮನಿಯಾಗ ಅವ ನೋಡಪ್ಪಾ” ಅಂದೆ.

“ಈಗ ಎಲ್ಲಾರೂ ಅದನ್ನ ಕಿತ್ತು ಟೈಲ್ಸ್ ಹಾಕಸ್ತಾರ” ಅಂದರು.

ಉತ್ತರ ನನ್ನ ಹತ್ತಿರ ಇರಲಿಲ್ಲ. ಅವ್ವ ಬೈಬಲ್ ತೆಗೆದು ಪೌಲನು ಕೊರಿಂಥದವರಿಗೆ ಬರೆದ ಮೊದಲ ಪತ್ರದ 15ನೇ ಅಧ್ಯಾಯ ಓದಿದಳು. ಮಣ್ಣು ಕೊಡುವಾಗೆಲ್ಲ ಕೇಳಿ ಕೇಳಿ ನನಗೆ ಸವೆದುಹೋಗಿದ್ದ ಅಧ್ಯಾಯ ಅದು. ಯೇಸುಸ್ವಾಮಿ ಸತ್ತು ಎದ್ದುಬಂದರು ಅನ್ನುವುದರ ಮೇಲೇ ಇಡೀ ಅಧ್ಯಾಯ ನಿಂತಿದೆ. ಆದರೆ ಕೊನೇ ವಚನ ಅಲ್ಲಿಂದ ನೇರ ದಿನದ ದುಡಿಮೆಗೆ ಇಳಿಯುತ್ತದೆ: ಕರ್ತನಲ್ಲಿ ಪಟ್ಟ ಪ್ರಯಾಸ ಬರಿದಾಗಲ್ಲ ಅನ್ನೋ ಅರ್ಥ. ಅಂದರೆ ನನ್ನ ಕೆಲಸವನ್ನು ನೆನಪಿಡಬೇಕಾದವರು ಜನ ಅಲ್ಲ. ಜನರಿಗೆ ಮರೆವು ಸಹಜ. ದೇವರು ಮರೆಯಲ್ಲ ಅನ್ನೋದಾದರೆ, ಅಳಿದುಹೋದ ಕೆಲಸಕ್ಕೂ ಒಂದು ಲೆಕ್ಕ ಇದೆ.

ಆಗಿನಿಂದ ಫರ್ಡಿನಾಂಡ್ ಕಿಟೆಲ್ ನನಗೆ ಬೇರೆ ಥರ ಕಾಣ್ತಾರೆ. 1853ರಲ್ಲಿ ಬಾಸೆಲ್ ಮಿಶನ್ ಕಡೆಯಿಂದ ಇಲ್ಲಿಗೆ ಬಂದಾಗ ಇಪ್ಪತ್ತೊಂದರ ಹುಡುಗ. ಬಂದದ್ದು ಸುವಾರ್ತೆ ಸಾರಲು, ಆಯುಷ್ಯ ಸವೆಸಿದ್ದು ಕನ್ನಡ ಪದಗಳ ಮುಂದೆ. 1864ರಲ್ಲಿ ಹೆಂಡತಿ ಪೌಲೀನ್ ತೀರಿಕೊಂಡರು. ಮುಂದೆ ಜರ್ಮನಿಗೆ ಮರಳಿದ್ದವರು, ನಿಘಂಟು ಮುಗಿಸಬೇಕೆಂದು ಐವತ್ತು ದಾಟಿದ ಮೇಲೆ ಮತ್ತೆ ಬಂದರು. 1894ರಲ್ಲಿ ಅದು ಮಂಗಳೂರಿನಲ್ಲಿ ಅಚ್ಚಾಯಿತು. ಸುಮಾರು 70,000 ಪದ, ನಡುನಡುವೆ ನಮ್ಮ ಗಾದೆಗಳು. ಮಳಖೇಡದ ಆಸ್ಥಾನದಲ್ಲಿ ಹುಟ್ಟಿದ ‘ಕವಿರಾಜಮಾರ್ಗ’ವೇ ಅಚ್ಚು ಕಂಡದ್ದು 1898ರಲ್ಲಿ. ಹಳೆಗನ್ನಡ ಇನ್ನೂ ಓಲೆಗರಿಗಳಲ್ಲಿ ಮಲಗಿದ್ದ ಕಾಲ ಅದು.

ಎಷ್ಟು ಜನರನ್ನು ಕ್ರೈಸ್ತರನ್ನಾಗಿ ಮಾಡಿದರು ಅನ್ನೋ ಲೆಕ್ಕದಲ್ಲಿ ಕಿಟೆಲ್ ದೊಡ್ಡ ಮಿಶನರಿ ಏನಲ್ಲ. ನನಗೆ ಮಾತ್ರ ಆ ನಿಘಂಟೇ ಅವರ ಪ್ರಾರ್ಥನೆ ಅನಿಸುತ್ತದೆ. ಅವರ ಹೆಸರೇನೋ ಉಳೀತು, ಸರಿ. ಅವರಿಗೆ ಅರ್ಥ ಹೇಳಿಕೊಟ್ಟ ಪಂಡಿತರು? ಒಂದೊಂದೇ ಅಚ್ಚುಮೊಳೆ ಜೋಡಿಸಿದ ಕೆಲಸಗಾರರು? ಕಿಟೆಲ್‌ಗಿಂತ ಈಗ ನನಗೆ ಅವರೇ ಹತ್ತಿರದವರು.

ಚಿಂಚೋಳಿಯ ನನ್ನ ರೂಮ್‌ಮೇಟ್ ಲಿಂಗಾಯತ. ಇದನ್ನೆಲ್ಲ ಕೇಳಿ, “ಇದು ಕಾಯಕನೇ ಆಯ್ತಲ್ಲೋ, ಹೊಸದೇನದ?” ಅಂದ. ದುಡಿಯುವ ರೀತಿಯಲ್ಲಿ ಹೊಸದೇನೂ ಇಲ್ಲ, ಒಪ್ಪಿದೆ. ಅದು ಶರಣರ ನೆಲದಲ್ಲಿ ಬೆಳೆದ ನನಗೂ ಸೇರಿದ್ದೇ. ಆದರೆ ದುಡಿದವನೂ ಅವನು ಮಾಡಿದ್ದೂ ಎರಡೂ ಇಲ್ಲವಾದಾಗ ನನಗೆ ಎದ್ದುಬಂದ ಕರ್ತನೇ ಬೇಕು ಅಂದೆ. ಅವನು ಒಪ್ಪಲಿಲ್ಲ. ಚಾ ಮಾಡಿದ.

ಹೊಸ ಪ್ರಾಜೆಕ್ಟಿನಲ್ಲಿ ನಾನೀಗ ಮುಂದೆ ಬರುವವರಿಗೆ ತಿಳಿಯುವ ಹಾಗೆ ಎಲ್ಲ ಬರೆದಿಡುತ್ತೇನೆ. ಅಪ್ರೈಸಲ್‌ನಲ್ಲಿ ಅದಕ್ಕೆ ಅಂಕ ಇಲ್ಲ. ತಿಂಗಳಿಗೊಮ್ಮೆ ವಾಡಿಯಲ್ಲಿ ಇಳಿದು ಮನೆಗೆ ಹೋಗ್ತೇನೆ. ಅವ್ವ ಈಗಲೂ ರಾತ್ರಿ ಅದೇ ಅಧ್ಯಾಯ ಓದ್ತಾಳೆ. ಕೆಲವು ದಿನ ಅಪ್ಪ ಆಮೆನ್ ಅಂತಾರೆ. ಕೆಲವು ದಿನ ಗೋಡೆ ಕಡೆ ಹೊರಳಿ ಮಲಗ್ತಾರೆ.