ಒಂದೇ ಬದಿಯ ಟಾನ್ಸಿಲ್ ಬಾವು: ಅಲಕ್ಷ್ಯ ಬೇಡ

ಮಳೆಗಾಲ ಬಂತೆಂದರೆ ತೋವಿನಕೆರೆಯಂತಹ ಊರಿನ ಶಾಲೆಗಳಲ್ಲಿ ಗಂಟಲು ನೋವಿನ ಮಕ್ಕಳಿಗೆ ಬರವಿಲ್ಲ. ಉಪ್ಪುನೀರಿನಲ್ಲಿ ಬಾಯಿ ಮುಕ್ಕಳಿಸಿ, ನಾಲ್ಕು ದಿನ ಮಾತ್ರೆ ನುಂಗಿದರೆ ಬಹುತೇಕ ಮಕ್ಕಳಿಗೆ ವಾಸಿಯಾಗುತ್ತದೆ. ಆದರೆ ನೋವಿಲ್ಲದೆ ಒಂದೇ ಬದಿಯ ಟಾನ್ಸಿಲ್ ವಾರದಿಂದ ವಾರಕ್ಕೆ ದಪ್ಪವಾಗುತ್ತಾ ಹೋದರೆ? ಅಪರೂಪಕ್ಕೊಮ್ಮೆ ಅದು ಲಿಂಫೋಮಾ ಎಂಬ ಕ್ಯಾನ್ಸರ್ ಆಗಿರಬಹುದು.

ರೋಗಾಣುಗಳೊಡನೆ ಹೋರಾಡುವ ಲಿಂಫೊಸೈಟ್ ಎಂಬ ಬಿಳಿ ರಕ್ತಕಣಗಳು ಕತ್ತು, ಕಂಕುಳು, ತೊಡೆಸಂದುಗಳ ದುಗ್ಧಗ್ರಂಥಿಗಳಲ್ಲಿ ಬೀಡುಬಿಟ್ಟಿರುತ್ತವೆ. ಇವು ಹತೋಟಿ ತಪ್ಪಿ ಬೆಳೆದರೆ ಅದೇ ಲಿಂಫೋಮಾ. ಆದರೆ ಈ ಕಣಗಳಿರುವುದು ಗ್ರಂಥಿಗಳಲ್ಲಿ ಮಾತ್ರವಲ್ಲ. ಗಂಟಲಿನ ಬಾಗಿಲಲ್ಲಿ ಟಾನ್ಸಿಲ್, ಅಡಿನಾಯ್ಡ್, ನಾಲಗೆಯ ಬುಡ ಇವೆಲ್ಲ ಸೇರಿ ಕಾವಲಿನ ಬಳೆಯೊಂದಿದೆ. ವೈದ್ಯರು ಅದನ್ನು ವಾಲ್ಡೆಯರ್ ಉಂಗುರ ಎನ್ನುತ್ತಾರೆ. ತಲೆ-ಕತ್ತಿನ ಭಾಗದಲ್ಲಿ ದುಗ್ಧಗ್ರಂಥಿಯ ಹೊರಗೆ ಹುಟ್ಟುವ ಲಿಂಫೋಮಾ ಹೆಚ್ಚಾಗಿ ಕಾಣುವುದು ಇಲ್ಲೇ. ಜೊಲ್ಲುಗ್ರಂಥಿ, ಥೈರಾಯ್ಡ್, ಮೂಗಿನ ಒಳಭಾಗ, ಕಣ್ಣಿನ ಗೂಡು, ದವಡೆಗಳಲ್ಲೂ ಬರಬಹುದು.

ಈ ಕಾಯಿಲೆ ತಂಬಾಕಿನಿಂದ ಬರುವ ಬಾಯಿ ಕ್ಯಾನ್ಸರಿನಂತಲ್ಲ. ಯಾವ ಚಟವೂ ಇಲ್ಲದವರಿಗೂ, ಮಕ್ಕಳಿಗೂ ಬರಬಹುದು. ಸಮಾಧಾನದ ಸಂಗತಿಯೆಂದರೆ, ಇದಕ್ಕೆ ಮುಖ್ಯ ಚಿಕಿತ್ಸೆ ಚಾಕುವಲ್ಲ, ಔಷಧಿ. ಉಗಾಂಡದಲ್ಲಿ ಕೆಲಸ ಮಾಡುತ್ತಿದ್ದ ಶಸ್ತ್ರವೈದ್ಯ ಡೆನಿಸ್ ಬರ್ಕಿಟ್, ಅಲ್ಲಿನ ಮಕ್ಕಳ ದವಡೆಯಲ್ಲಿ ಏಳುತ್ತಿದ್ದ ಗಡ್ಡೆಗಳ ಬಗ್ಗೆ 1958ರಲ್ಲಿ ಬರೆದರು. ಅದು ಲಿಂಫೋಮಾ ಎಂದು ಆಮೇಲೆ ತಿಳಿಯಿತು. ಕ್ಯಾನ್ಸರ್ ಔಷಧಿ ಕೊಟ್ಟಾಗ ಅಂಥ ಅನೇಕ ಗಡ್ಡೆಗಳು ಕರಗಿದವು. ಇಂದು ಕೀಮೋಥೆರಪಿ, ಬೇಕಾದಾಗ ವಿಕಿರಣ ಚಿಕಿತ್ಸೆಯಿಂದ ಅನೇಕರು ಪೂರ್ತಿ ಗುಣವಾಗುತ್ತಾರೆ.

ಔಷಧಿ ಆರಿಸಲು ರೋಗದ ಬಗೆ ತಿಳಿಯಬೇಕು. ಅದಕ್ಕೆ ಗಡ್ಡೆಯ ಚೂರು ತೆಗೆದು ಪರೀಕ್ಷಿಸುವ ಬಯಾಪ್ಸಿ ಬೇಕೇ ಬೇಕು. ‘ಮುಟ್ಟಿದರೆ ಹರಡುತ್ತದೆ’ ಎಂಬ ಭಯದಿಂದ ತಡಮಾಡಬಾರದು. ಅಂಗಡಿಯಲ್ಲಿ ಕೇಳಿ ಸ್ಟಿರಾಯ್ಡ್ ಗುಳಿಗೆ ನುಂಗುವುದಂತೂ ಸಲ್ಲದು. ಗಡ್ಡೆ ತಾತ್ಕಾಲಿಕವಾಗಿ ಕುಗ್ಗಿ, ಬಯಾಪ್ಸಿಯಲ್ಲೂ ರೋಗ ಸರಿಯಾಗಿ ಕಾಣದೆ ಹೋಗಬಹುದು.

ಪೋಷಕರೇ, ಇವನ್ನು ಗಮನಿಸಿ: ಮೂರು ವಾರವಾದರೂ ಇಳಿಯದ ಬಾವು, ಒಂದೇ ಬದಿಯ ಮೂಗು ಸದಾ ಕಟ್ಟುವುದು, ನುಂಗಲು ತೊಂದರೆ, ಬಿಡದ ಜ್ವರ, ರಾತ್ರಿ ಬಟ್ಟೆ ತೊಯ್ಯುವಷ್ಟು ಬೆವರು, ಕಾರಣವಿಲ್ಲದೆ ತೂಕ ಇಳಿಯುವುದು. ಇವೆಲ್ಲ ಕ್ಯಾನ್ಸರ್ ಎಂದಲ್ಲ. ಕ್ಷಯದಲ್ಲೂ ಇವುಗಳಲ್ಲಿ ಕೆಲವು ಕಾಣುತ್ತವೆ. ಆದರೆ ಎರಡಕ್ಕೂ ಪರೀಕ್ಷೆ ಬೇಕು.

ತುಮಕೂರಿನ ಜಿಲ್ಲಾ ಆಸ್ಪತ್ರೆಯಲ್ಲಿ ಕಿವಿ-ಮೂಗು-ಗಂಟಲು ವೈದ್ಯರಿಗೆ ತೋರಿಸಬಹುದು. ಮುಂದಿನ ಚಿಕಿತ್ಸೆಗೆ 1973ರಿಂದ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಯಿದೆ. 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಗಳಿಗೆ ನೆರವುಂಟು. ಖರ್ಚಿಗೆ ಹೆದರಿ ಕೂರುವುದು ಬೇಡ. ಗುಣವಾಗುವ ಕಾಯಿಲೆಯನ್ನು ಕೈಮೀರಲು ಬಿಡುವುದು ನಮ್ಮ ತಡವೇ.