ದೇಹದ ಜೀರ್ಣೋದ್ಧಾರ

ಜೀರ್ಣವೆಂಬ ಶಬ್ದಕ್ಕೆ ನಮ್ಮ ಭಾಷೆಯಲ್ಲಿ ಎರಡು ಅರ್ಥಗಳುಂಟು. ಉಂಡ ಅನ್ನ ಅರಗಿದರೆ ಜೀರ್ಣವಾಯಿತೆನ್ನುತ್ತೇವೆ. ಹಳೆಯ ಗುಡಿಯ ಗೋಡೆ ಶಿಥಿಲವಾದರೆ ಅದನ್ನೂ ಜೀರ್ಣವಾಯಿತೆಂದೇ ಹೇಳುತ್ತೇವೆ. ಮುಪ್ಪನ್ನು ಹೆಸರಿಸುವ ಜರೆಯೆಂಬ ಮಾತು ಹುಟ್ಟಿದ್ದೂ ಇದೇ ಧಾತುವಿನಿಂದ. ಪ್ರೋಟೀನಿನ ಘಟಕಗಳಾದ ಅಮೈನೋ ಆಮ್ಲಗಳು ಒಂದಕ್ಕೊಂದು ಕೊಂಡಿ ಹಾಕಿಕೊಂಡು ನಿಂತ ಸರಪಳಿಗೆ ಜರ್ಮನಿಯ ರಸಾಯನಶಾಸ್ತ್ರಜ್ಞ ಎಮಿಲ್ ಫಿಷರ್ 1902ರಲ್ಲಿ ಪೆಪ್ಟೈಡ್ ಎಂದು ನಾಮಕರಣ ಮಾಡಿದಾಗ ಆರಿಸಿಕೊಂಡದ್ದೂ ಪಚನಾರ್ಥಕವಾದ ಗ್ರೀಕ್ ಧಾತುವನ್ನೇ. ಅದು ನಮ್ಮ ಪಚನ, ಪಕ್ವ ಎಂಬ ಪದಗಳಿಗೆ ದೂರದ ಜ್ಞಾತಿ. ಅರಗುವುದು, ಸವೆಯುವುದು, ಸವೆದುದನ್ನು ಮರಳಿ ಕಟ್ಟುವುದು, ಇವು ಮೂರೂ ಒಂದೇ ವ್ಯಾಪಾರದ ಮುಖಗಳೆಂಬುದನ್ನು ಭಾಷೆ ಮೊದಲೇ ಬಲ್ಲದೋ ಎಂಬಂತೆ ಈ ಪದಗಳು ಬೆಸೆದುಕೊಂಡಿವೆ.

ನಾವು ತಿಂದ ಬೇಳೆಯ ಪ್ರೋಟೀನು, ಹಿಂದಿನ ಪಠ್ಯಪುಸ್ತಕಗಳ ಭಾಷೆಯಲ್ಲಿ ಸಸಾರಜನಕ, ಬೇಳೆಯ ರೂಪದಲ್ಲಿಯೇ ನಮ್ಮ ಮೈಯನ್ನು ಸೇರತಕ್ಕದ್ದಲ್ಲ. ಜಠರದ ಆಮ್ಲವೂ ಕರುಳಿನ ಕಿಣ್ವಗಳೂ ಅದರ ದೀರ್ಘವಾದ ಸರಪಳಿಯನ್ನು ತುಂಡುತುಂಡಾಗಿ ಕಡಿದು, ಚಿಕ್ಕ ಪೆಪ್ಟೈಡುಗಳನ್ನಾಗಿಯೂ ಕೊನೆಗೆ ಬಿಡಿ ಅಮೈನೋ ಆಮ್ಲಗಳನ್ನಾಗಿಯೂ ಮಾಡಿ, ರಕ್ತಕ್ಕೆ ಒಪ್ಪಿಸುತ್ತವೆ. ಪ್ರಕೃತಿಯು ಪ್ರೋಟೀನುಗಳನ್ನು ಕಟ್ಟಲು ಮುಖ್ಯವಾಗಿ ಬಳಸುವ ಅಮೈನೋ ಆಮ್ಲಗಳು ಇಪ್ಪತ್ತು. ಇವುಗಳ ಸಂಖ್ಯೆ ಮತ್ತು ಅನುಕ್ರಮ ಬದಲಾದಂತೆಲ್ಲ ವಸ್ತುವೂ ಅದರ ಗುಣವೂ ಬದಲಾಗುತ್ತವೆ. ಒಂಬತ್ತು ಸೇರಿದರೆ ತಾಯಿಯ ಎದೆಹಾಲನ್ನು ಹರಿಸುವ ಆಕ್ಸಿಟೋಸಿನ್; ಐವತ್ತೊಂದು ಸೇರಿದರೆ ರಕ್ತದ ಸಕ್ಕರೆಯನ್ನು ಹತೋಟಿಯಲ್ಲಿಡುವ ಇನ್ಸುಲಿನ್. ವಯಸ್ಕನ ಶರೀರವು ದಿನವೊಂದಕ್ಕೆ ಸುಮಾರು 250ರಿಂದ 300 ಗ್ರಾಮಿನಷ್ಟು ಸ್ವಂತ ಪ್ರೋಟೀನನ್ನೇ ಕಳಚಿ ಮತ್ತೆ ಕಟ್ಟುತ್ತಿರುತ್ತದೆ. ಕಳಚಿದ ಅಮೈನೋ ಆಮ್ಲಗಳಲ್ಲಿ ಬಹುಪಾಲನ್ನು ಪುನಃ ಬಳಸಿಕೊಂಡು, ನಷ್ಟವಾದಷ್ಟನ್ನು ಮಾತ್ರ ಅನ್ನದಿಂದ ತುಂಬಿಕೊಳ್ಳುತ್ತದೆ. ಹಳೆಯ ಕಲ್ಲುಗಳನ್ನೇ ಆಯ್ದು ಗುಡಿಯನ್ನು ಮರಳಿ ಎತ್ತುವ ಜೀರ್ಣೋದ್ಧಾರವು ಹೀಗೆ ನಮ್ಮೊಳಗೆ ಹಗಲಿರುಳೂ ನಡೆದಿದೆ.

ಈ ಕಟ್ಟಡದ ಪ್ರಧಾನ ಬಂಧ ಕೊಲ್ಯಾಜೆನ್. ಚರ್ಮ, ಮೂಳೆ, ಕೀಲು, ಸ್ನಾಯುರಜ್ಜು, ರಕ್ತನಾಳದ ಭಿತ್ತಿ ಇವೆಲ್ಲವನ್ನೂ ಹಿಡಿದು ನಿಲ್ಲಿಸಿರುವ ಈ ವಸ್ತುವು ದೇಹದ ಒಟ್ಟು ಪ್ರೋಟೀನಿನಲ್ಲಿ ಕಾಲುಭಾಗಕ್ಕಿಂತ ಹೆಚ್ಚು. ಅದರ ಅಂತರಂಗದ ರಚನೆಯನ್ನು ಕಂಡುಹಿಡಿದ ಕೀರ್ತಿ ಭಾರತೀಯರದೆಂಬುದನ್ನು ನಾವು ಅಭಿಮಾನದಿಂದ ನೆನೆಯಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ. ವಿ. ರಾಮನ್ನರ ಶಿಷ್ಯರಾಗಿದ್ದ ಜಿ. ಎನ್. ರಾಮಚಂದ್ರನ್ನರು, ಮದರಾಸು ವಿಶ್ವವಿದ್ಯಾನಿಲಯದಲ್ಲಿ ಪ್ರಾಧ್ಯಾಪಕರಾಗಿದ್ದಾಗ, ಅಲ್ಲಿನ ಕೇಂದ್ರೀಯ ಚರ್ಮ ಸಂಶೋಧನಾಲಯದಿಂದ ಕಾಂಗರೂವಿನ ಬಾಲದ ಸ್ನಾಯುರಜ್ಜುವನ್ನು ಪಡೆದು, ಅದರ ಮೇಲೆ ಕ್ಷಕಿರಣಗಳನ್ನು ಹಾಯಿಸಿ, ಗೋಪಿನಾಥ ಕರ್ತಾ ಅವರೊಡಗೂಡಿ 1954ರಲ್ಲಿ ಕೊಲ್ಯಾಜೆನ್ ಮೂರೆಳೆಯ ಹುರಿಯೆಂದು ಪ್ರಕಟಿಸಿದರು. ಮರುವರ್ಷವೇ ಆ ಚಿತ್ರವನ್ನು ತಾವೇ ತಿದ್ದಿ ಪರಿಷ್ಕರಿಸಿದರು. ಮುಂದೆ ಅವರು ಬೆಂಗಳೂರಿಗೆ ಮರಳಿ ವಿಜ್ಞಾನ ಸಂಸ್ಥೆಯಲ್ಲಿ ಅಣುಜೀವಭೌತ ವಿಭಾಗವನ್ನು ಸ್ಥಾಪಿಸಿದರು. ಹಗ್ಗ ಹೊಸೆಯುವವನು ಒಂದೊಂದು ಎಳೆಯನ್ನು ಒಂದು ದಿಕ್ಕಿಗೆ ತಿರುಚಿ, ಬಳಿಕ ಎಳೆಗಳನ್ನು ಕೂಡಿಸಿ ವಿರುದ್ಧ ದಿಕ್ಕಿಗೆ ಹುರಿಮಾಡುವಂತೆಯೇ ಕೊಲ್ಯಾಜೆನ್ನಿನ ಒಂದೊಂದು ಎಳೆ ಎಡಕ್ಕೂ, ಮೂರೂ ಕೂಡಿದ ಹುರಿ ಬಲಕ್ಕೂ ಸುತ್ತಿಕೊಂಡಿದೆ. ಎಳೆಯುದ್ದಕ್ಕೂ ಪ್ರತಿ ಮೂರನೆಯ ಸ್ಥಾನದಲ್ಲಿ ಗ್ಲೈಸೀನ್ ಇರಲೇಬೇಕು. ಅಮೈನೋ ಆಮ್ಲಗಳಲ್ಲೆಲ್ಲ ಅದೇ ಅತ್ಯಂತ ಕಿರಿದಾದುದರಿಂದ ಹುರಿಯ ನಡುವಣ ಇಕ್ಕಟ್ಟಿನಲ್ಲಿ ಅದಕ್ಕೆ ಮಾತ್ರ ಜಾಗವುಂಟು. ಹುರಿ ಸ್ಥಿರವಾಗಬೇಕಾದರೆ ಸಿ ಜೀವಸತ್ತ್ವದ ಸಹಾಯವೂ ಬೇಕು. ಅದು ದೊರೆಯದ ಹಡಗಿನ ನಾವಿಕರು ಸ್ಕರ್ವಿಯಿಂದ ಒಸಡು ಸಡಿಲಿ, ಮಾಗಿದ ಗಾಯವೂ ಬಿಚ್ಚಿಕೊಂಡು ಸಾಯುತ್ತಿದ್ದುದು ಈ ಹುರಿ ಅಲ್ಲಲ್ಲಿ ಹರಿದುದರಿಂದಲೇ.

ವಯಸ್ಸು ಏರಿದಂತೆ ಹೊಸ ಹುರಿ ಹೊಸೆಯುವ ಜೀವಕೋಶಗಳ ಉತ್ಸಾಹ ಕುಗ್ಗುತ್ತದೆ. ಬಿಸಿಲಿನ ಅತಿನೇರಳೆ ಕಿರಣಗಳೂ ತಂಬಾಕಿನ ಹೊಗೆಯೂ ಇದ್ದ ಹುರಿಯನ್ನು ಕಡಿಯುತ್ತವೆ. ಇದಲ್ಲದೆ ರಕ್ತದಲ್ಲಿ ಸಂಚರಿಸುವ ಸಕ್ಕರೆಯು ಪ್ರೋಟೀನಿನ ಲೈಸೀನ್, ಆರ್ಜಿನೀನ್ ಎಂಬ ಅಮೈನೋ ಆಮ್ಲಗಳಿಗೆ ಮೆಲ್ಲಮೆಲ್ಲನೆ ಅಂಟಿಕೊಂಡು, ಎಳೆಎಳೆಗಳ ನಡುವೆ ಬೇಡದ ಗಂಟುಗಳನ್ನು ಹಾಕುತ್ತದೆ. ರೊಟ್ಟಿಯ ಮೈಯನ್ನು ಕೆಂಪಗೆ ಬೇಯಿಸುವ ರಾಸಾಯನಿಕ ಕ್ರಿಯೆಯೂ ಇದೂ ಒಂದೇ ಜಾತಿಯವು. ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಮಯಾರ್ 1912ರಲ್ಲಿ ಈ ಕ್ರಿಯೆಯನ್ನು ವಿವರಿಸಿದನು. ಮಧುಮೇಹಿಗಳ ರಕ್ತನಾಳಗಳು ಬೇಗನೆ ಪೆಡಸಾಗುವುದಕ್ಕೆ ಇದೊಂದು ಕಾರಣ. ಇನ್ನು ಕೆಲವು ಭಾಗಗಳಿಗೆ ಜೀರ್ಣೋದ್ಧಾರದ ಭಾಗ್ಯವೇ ಇಲ್ಲ. ಕಣ್ಣಿನ ಮಸೂರದ ನಡುಭಾಗದ ಪ್ರೋಟೀನುಗಳು ನಾವು ಹುಟ್ಟುವ ಮುನ್ನ ಕಟ್ಟಲ್ಪಟ್ಟವು; ಬಾಳಿನ ಕೊನೆಯವರೆಗೂ ಅವೇ. ಹಲ್ಲಿನಲ್ಲಿಯಾದರೋ ಆಸ್ಪಾರ್ಟಿಕ್ ಆಮ್ಲವು ತನ್ನ ಎಡಗೈ ರೂಪದಿಂದ ಬಲಗೈ ರೂಪಕ್ಕೆ ವರ್ಷವರ್ಷವೂ ಇಷ್ಟಿಷ್ಟೇ ಹೊರಳುತ್ತಿದ್ದು, ಆ ಪ್ರಮಾಣವನ್ನಳೆದು ಮನುಷ್ಯನ ವಯಸ್ಸನ್ನು ಅಂದಾಜು ಮಾಡಲು ಸಾಧ್ಯವಾಗಿದೆ. ಕಾಲವು ತನ್ನ ಲೆಕ್ಕವನ್ನು ಅಮೈನೋ ಆಮ್ಲದಲ್ಲಿಯೇ ಬರೆದಿಡುತ್ತದೆ.

ಚರ್ಮದ ಸುಕ್ಕು ಕಣ್ಣಿಗೆ ಬೀಳುತ್ತದೆ. ಸ್ನಾಯುವಿನ ಕ್ಷಯ ಬೀಳುವುದಿಲ್ಲ. ಆದರೆ ಮುದುಕರನ್ನು ಪರಾಧೀನರನ್ನಾಗಿ ಮಾಡುವುದು ಮುಖ್ಯವಾಗಿ ಎರಡನೆಯದು. 1989ರಲ್ಲಿ ಅಮೆರಿಕದ ಪೋಷಣವಿಜ್ಞಾನಿ ಇರ್ವಿನ್ ರೋಸೆನ್‌ಬರ್ಗ್ ಇದಕ್ಕೆ ಸಾರ್ಕೊಪೀನಿಯ ಎಂಬ ಹೆಸರನ್ನು ಸೂಚಿಸಿದರು. ಲ್ಯೂಸೀನ್ ಎಂಬ ಅಮೈನೋ ಆಮ್ಲವು ಸ್ನಾಯುವಿಗೆ ಆಹಾರ ಮಾತ್ರವಲ್ಲ, ಕಟ್ಟಡದ ಕೆಲಸ ಆರಂಭವಾಗಲೆಂಬ ಕರೆಯೂ ಹೌದು. ಮುಪ್ಪಿನಲ್ಲಿ ಸ್ನಾಯುವಿನ ಕಿವಿ ಮಂದವಾಗಿ, ಅದೇ ಕರೆಯನ್ನು ಇನ್ನಷ್ಟು ಗಟ್ಟಿಯಾಗಿ ಕೂಗಬೇಕಾಗುತ್ತದೆ. ಭಾರತದ ವಯಸ್ಕರಿಗೆ ಕಿಲೋಗ್ರಾಮ್ ದೇಹತೂಕಕ್ಕೆ ದಿನಕ್ಕೆ 0.83 ಗ್ರಾಂ ಪ್ರೋಟೀನು ಬೇಕೆಂಬ ಶಿಫಾರಸ್ಸಿದೆ. ವೃದ್ಧರಿಗೆ 1ರಿಂದ 1.2 ಗ್ರಾಂ ಉಚಿತವೆಂದು ಹಲವು ತಜ್ಞಮಂಡಲಿಗಳ ಅಭಿಪ್ರಾಯ. ಜೊತೆಗೆ ನಡಿಗೆಯೂ, ಕೈಯೂರದೆ ಎದ್ದು ಕೂರುವಂಥ, ಅಷ್ಟಿಷ್ಟು ಭಾರವೆತ್ತುವಂಥ ಶ್ರಮವೂ ಬೇಕು. ಶ್ರಮವಿಲ್ಲದ ಸ್ನಾಯುವಿಗೆ ಎಷ್ಟು ಉಣಿಸಿದರೂ ಪ್ರಯೋಜನ ಅಲ್ಪ. ಮೂತ್ರಪಿಂಡದ ರೋಗವುಳ್ಳವರು ಮಾತ್ರ ವೈದ್ಯರನ್ನು ಕೇಳದೆ ಪ್ರೋಟೀನನ್ನು ಹೆಚ್ಚಿಸಲಾಗದು.

ಪ್ರಮಾಣದಷ್ಟೇ ಮುಖ್ಯವಾದುದು ಸಂಯೋಗ. ಇಪ್ಪತ್ತರಲ್ಲಿ ಒಂಬತ್ತನ್ನು ನಮ್ಮ ಶರೀರವು ತಯಾರಿಸಿಕೊಳ್ಳಲಾರದು. ಅವು ಅನ್ನದಿಂದಲೇ ಬರಬೇಕು. ಅವುಗಳಲ್ಲೊಂದಾದ ಲೈಸೀನ್ ಕಿಲೋಗ್ರಾಮ್ ದೇಹತೂಕಕ್ಕೆ ದಿನಕ್ಕೆ 12 ಮಿಲಿಗ್ರಾಂ ಸಾಕೆಂದು 1985ರ ಅಂತರರಾಷ್ಟ್ರೀಯ ವರದಿ ಹೇಳಿತ್ತು. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಮಹಾವಿದ್ಯಾಲಯದಲ್ಲಿ ಅನುರ ಕುರ್ಪಾಡ್ ಅವರೂ ಸಹೋದ್ಯೋಗಿಗಳೂ ಗುರುತುಹಚ್ಚಿದ ಇಂಗಾಲವನ್ನು ಉಸಿರಿನಲ್ಲಿ ಅಳೆಯುವ ಸೂಕ್ಷ್ಮ ವಿಧಾನದಿಂದ ಭಾರತೀಯರಲ್ಲಿ ನಡೆಸಿದ ಅಧ್ಯಯನಗಳು ಅದು ತೀರ ಕಡಮೆಯೆಂದು ತೋರಿಸಿದವು. 2007ರ ವರದಿಯಲ್ಲಿ ಆ ಅಂಕೆ 30ಕ್ಕೆ ಏರಿತು. ಅಕ್ಕಿ, ರಾಗಿ, ಜೋಳಗಳಲ್ಲಿ ಕೊರತೆಯಾಗುವುದು ಇದೇ ಲೈಸೀನ್. ಬೇಳೆಕಾಳುಗಳಲ್ಲಿ ಅದು ಸಮೃದ್ಧ, ಅಲ್ಲಿ ಕೊರತೆಯಿರುವ ಮೆಥಿಯೋನೀನ್ ಧಾನ್ಯಗಳಲ್ಲಿ ಲಭ್ಯ. ಮುದ್ದೆಗೆ ಹುರಳಿಯ ಸಾರು, ರೊಟ್ಟಿಗೆ ಕಾಳಿನ ಪಲ್ಯ, ಅಕ್ಕಿಗೆ ಉದ್ದು ಬೆರೆಸಿದ ಇಡ್ಲಿ, ಇವೆಲ್ಲ ಒಂದರ ಕೊರತೆಯನ್ನು ಮತ್ತೊಂದು ತುಂಬುವ ದಾಂಪತ್ಯಗಳು. ಹಾಲು, ಮೊಸರು, ಮೊಟ್ಟೆ, ಮೀನುಗಳಲ್ಲಿಯಾದರೆ ಒಂಬತ್ತೂ ಬೇಕಾದಷ್ಟು ಒಟ್ಟಿಗೇ ದೊರೆಯುತ್ತವೆ.

ಇಂದು ಯೌವನವನ್ನು ಮರಳಿಸುವ ಭರವಸೆಯೊಡನೆ ಕೊಲ್ಯಾಜೆನ್ ಪುಡಿಯ ಡಬ್ಬಿಗಳು ಮಾರಾಟವಾಗುತ್ತಿವೆ. ತಿಂದ ಕೊಲ್ಯಾಜೆನ್ ನೇರವಾಗಿ ಕೆನ್ನೆಗೆ ಹೋಗಿ ಕುಳಿತುಕೊಳ್ಳುವುದಿಲ್ಲ. ಅದೂ ಬೇಳೆಯಂತೆ ಕಳಚಿ ಹೋಗತಕ್ಕದ್ದೇ. ಇನ್ಸುಲಿನ್ನನ್ನು ನುಂಗದೆ ಸೂಜಿಯಿಂದ ಚುಚ್ಚಿಕೊಳ್ಳಬೇಕಾಗಿರುವುದು ಈ ಕಾರಣಕ್ಕಾಗಿಯೇ ಅಲ್ಲವೆ? ಕೆಲವು ಚಿಕ್ಕ ಪೆಪ್ಟೈಡುಗಳು ಅರಗದೆ ರಕ್ತಕ್ಕೆ ಸೇರುವುದುಂಟು. ಚರ್ಮದ ತೇವ ಕೊಂಚ ಹೆಚ್ಚಿದುದನ್ನು ಕೆಲವು ಪ್ರಯೋಗಗಳು ಕಂಡಿರುವುದೂ ಉಂಟು. ಆದರೆ ಆ ಪ್ರಯೋಗಗಳಲ್ಲಿ ಅನೇಕವು ಅಲ್ಪಕಾಲದವು, ಹಲವಕ್ಕೆ ತಯಾರಕರದೇ ಧನಸಹಾಯ. ಮುಪ್ಪು ತಡೆಯಲ್ಪಡುವುದೆಂಬುದಕ್ಕೆ ಇವು ಪ್ರಮಾಣವಾಗಲಾರವು. ಇನ್ನು, ವೈದ್ಯರ ಕೈಯಿಲ್ಲದೆ ಮಾರುವ ಪೆಪ್ಟೈಡ್ ಚುಚ್ಚುಮದ್ದುಗಳನ್ನು ಯಾರೂ ಮುಟ್ಟಬಾರದೆಂದೇ ನನ್ನ ಪ್ರಾರ್ಥನೆ.

ಹೀಗೆ ಡಬ್ಬಿಗಳಿಗೆ ಹಣ ಸುರಿಯುವ ಮನೆಗಳಲ್ಲಿಯೇ ಹಿರಿಯರ ತಟ್ಟೆ ವರ್ಷವರ್ಷಕ್ಕೂ ಬಡವಾಗುತ್ತಿರುವುದನ್ನು ಕಂಡಾಗ ಮನಸ್ಸಿಗೆ ನೋವಾಗುತ್ತದೆ. ಹಲ್ಲಿಲ್ಲವೆಂದು, ಅರಗದೆಂದು, ಈ ವಯಸ್ಸಿನಲ್ಲಿ ಇನ್ನೇನು ಬೇಕೆಂದು ಅವರೇ ಗಂಜಿಗೂ ಮಜ್ಜಿಗೆಯನ್ನಕ್ಕೂ ಇಳಿದುಬಿಡುತ್ತಾರೆ. ನಾವೂ ಮಿತಾಹಾರವೆಂದು ಮೆಚ್ಚಿ ಸುಮ್ಮನಾಗುತ್ತೇವೆ. ಮೇಲಿನ ತಿಳಿಸಾರು ಅವರಿಗೆ, ತಳದ ಬೇಳೆ ದುಡಿಯುವವರಿಗೆ ಎಂಬ ಪಂಕ್ತಿಭೇದ ಯಾರೂ ಉದ್ದೇಶಿಸದೆಯೇ ನಡೆದುಹೋಗುತ್ತದೆ. ಊರ ಗುಡಿ ಶಿಥಿಲವಾದರೆ ಜೀರ್ಣೋದ್ಧಾರಕ್ಕೆಂದು ಮನೆಮನೆಯಿಂದಲೂ ಕೈಲಾದಷ್ಟು ಕೊಡುತ್ತೇವೆ. ಮನೆಯಲ್ಲಿಯೇ ಇರುವ ಈ ಹಳೆಯ ಗುಡಿಗೆ ಬೇಕಾದುದು ಅಷ್ಟೇನಲ್ಲ: ಹಿರಿಯರಿಗೆ ಬಡಿಸುವಾಗ ಸೌಟನ್ನು ಪಾತ್ರೆಯ ತಳಕ್ಕೆ ಮುಟ್ಟಿಸಿ ಕಲಕಿ ಎತ್ತಬೇಕು.