ಸೆಲ್ಫ್ ಹೊಡೆಯುವ ಮುಂಚೆ ಕಿವಿ ಕೊಡಿ

ಮಳೆಗಾಲದ ಬೆಳಗ್ಗೆ ನಮ್ಮ ತೀರ್ಥಹಳ್ಳಿಯ ಗ್ಯಾರೇಜಿಗೆ ಬರುವ ಫೋನುಗಳಲ್ಲಿ ಹೆಚ್ಚಿನವು ಒಂದೇ ಮಾತಿನಿಂದ ಶುರುವಾಗುತ್ತವೆ: 'ಮಾರಾಯ್ರೆ, ಗಾಡಿ ಸ್ಟಾರ್ಟೇ ಆಗ್ತಿಲ್ಲ.' 'ಸೆಲ್ಫ್ ತಿರುಗ್ತದೋ ಇಲ್ವೋ?' ಎಂದು ಕೇಳುತ್ತೇನೆ. 'ಮೊದಲು ತಿರುಗ್ತಿತ್ತು, ಹೊಡೆದು ಹೊಡೆದು ಈಗ ಸದ್ದೇ ಇಲ್ಲ' ಎನ್ನುತ್ತಾರೆ. ಅಲ್ಲಿಗೆ ಒಂದು ದೋಷ ಇದ್ದ ಗಾಡಿಯಲ್ಲಿ ಎರಡಾಯಿತು. ನಾನು ಎಲ್ಲರಿಗೂ ಹೇಳುವುದು ಇಷ್ಟೇ: ಒಮ್ಮೆ ಕೀ ತಿರುಗಿಸಿ, ಏನು ಕೇಳಿಸಿತು ಎಂದು ಗಮನಿಸಿ, ಕೈ ತೆಗೆಯಿರಿ.

ಅಂಬಾಸಿಡರ್ ಕಾಲದವರಿಗೆ ಹ್ಯಾಂಡಲ್ ನೆನಪಿರಬಹುದು. ಮುಂದಿನಿಂದ ತೂರಿಸಿ ಕೈಯಲ್ಲೇ ಇಂಜಿನ್ ತಿರುಗಿಸುತ್ತಿದ್ದೆವು. ಅದು ಹಿಂದಕ್ಕೆ ಒದ್ದರೆ ಮಣಿಕಟ್ಟು ಮುರಿಯುವಷ್ಟು ಪೆಟ್ಟು. ಕೈಯ ಈ ಕೆಲಸವನ್ನು ಮೋಟರಿಗೆ ವಹಿಸಿದವರು ಅಮೆರಿಕದ ಚಾರ್ಲ್ಸ್ ಕೆಟರಿಂಗ್. ಅವರ ಸೆಲ್ಫ್ ಸ್ಟಾರ್ಟರ್ 1912ರ ಕ್ಯಾಡಿಲಾಕ್ ಕಾರಿನಲ್ಲಿ ಬಂತು. ಇಂಜಿನ್ ಹೊತ್ತಿಕೊಳ್ಳಲು ಬೇಕಾಗುವುದು ಕೆಲವೇ ಕ್ಷಣಗಳ ಜೋರು, ಅಷ್ಟು ಹೊತ್ತಿಗಾದರೆ ಸಣ್ಣ ಮೋಟರನ್ನೂ ಅದರ ಶಕ್ತಿ ಮೀರಿ ದುಡಿಸಬಹುದು ಎಂಬುದೇ ಅವರ ಉಪಾಯದ ತಿರುಳು. ಇವತ್ತಿನ ಸೆಲ್ಫೂ ಇದೇ ಲೆಕ್ಕದಲ್ಲಿ ನಡೆಯುತ್ತದೆ. ಆದ್ದರಿಂದ ಒಂದು ಸಲಕ್ಕೆ ಐದು ಸೆಕೆಂಡ್, ಹೆಚ್ಚೆಂದರೆ ಹತ್ತು. ಆಮೇಲೆ ಒಂದು ನಿಮಿಷ ಬಿಡಬೇಕು. ಇಲ್ಲವಾದರೆ ಮೋಟರೂ ಸುಡುತ್ತದೆ, ಬ್ಯಾಟರಿಯೂ ಕೂರುತ್ತದೆ.

ಕೀ ತಿರುಗಿಸಿದಾಗ 'ಟಕಟಕಟಕ' ಎಂದು ಬೇಗಬೇಗ ಬಡಿದುಕೊಂಡರೆ ಬ್ಯಾಟರಿಯಲ್ಲಿ ಕಸುವಿಲ್ಲ, ಇಲ್ಲವೇ ಅದರ ಟರ್ಮಿನಲ್ ಸಡಿಲ. 'ದೀಪ ಎಲ್ಲ ಉರೀತಿದೆಯಲ್ಲ, ಬ್ಯಾಟರಿ ಚೆನ್ನಾಗೇ ಇದೆ' ಎಂದು ತುಂಬ ಜನ ವಾದಿಸುತ್ತಾರೆ. ಡ್ಯಾಶ್‌ಬೋರ್ಡಿನ ದೀಪಗಳಿಗೆ ಒಂದೆರಡು ಆಂಪಿಯರ್ ಸಾಕು, ಸೆಲ್ಫಿಗೆ ನೂರಕ್ಕೂ ಮಿಕ್ಕಿ ಬೇಕು. ಹೆಡ್‌ಲೈಟ್ ಹಾಕಿಕೊಂಡು ಕೀ ತಿರುಗಿಸಿ ನೋಡಿ. ಬೆಳಕು ಸತ್ತೇ ಹೋದರೆ ತಪ್ಪು ಬ್ಯಾಟರಿ ಕಡೆಯದು. ಬೆಳಕು ಹಾಗೇ ಇದ್ದು 'ಟಕ್' ಎಂದು ಒಂದೇ ಸದ್ದು ಬಂದರೆ ಸೆಲ್ಫ್ ಮೋಟರನ್ನು ಬಿಚ್ಚಿ ನೋಡಬೇಕಾಗಬಹುದು. ಸದ್ದೇ ಬರದಿದ್ದರೆ ಆಟೊಮ್ಯಾಟಿಕ್ ಗಾಡಿಯ ಗೇರ್ 'ಪಿ' ಅಥವಾ 'ಎನ್'ನಲ್ಲಿದೆಯೇ ನೋಡಿ. ಗೇರಿನ ಗಾಡಿಯಾದರೆ ಕ್ಲಚ್ ಪೂರ್ತಿ ತುಳಿದು ನೋಡಿ.

ಮನೆಯಲ್ಲೊಂದು ಮಲ್ಟಿಮೀಟರ್ ಇಟ್ಟುಕೊಳ್ಳಿ ಎನ್ನುತ್ತೇನೆ. ಅಂಥ ದುಬಾರಿಯದೇನಲ್ಲ. ರಾತ್ರಿಯಿಡೀ ನಿಂತ ಗಾಡಿಯಲ್ಲಿ 12.6 ವೋಲ್ಟ್ ತೋರಿಸಿದರೆ ಬ್ಯಾಟರಿ ತುಂಬಿದೆ, 12.2 ಎಂದರೆ ಸುಮಾರು ಅರ್ಧ, 12ಕ್ಕಿಂತ ಕೆಳಗಿದ್ದರೆ ಖಾಲಿಯೇ. ಟರ್ಮಿನಲ್ ಮೇಲೆ ಬಿಳಿ ಅಥವಾ ಹಸಿರು ಪುಡಿ ಕಟ್ಟಿದ್ದರೆ ಬಿಚ್ಚಿ, ಬಿಸಿನೀರು ಮತ್ತು ಅಡುಗೆ ಸೋಡಾದಲ್ಲಿ ತೊಳೆದು, ಒಣಗಿಸಿ ಬಿಗಿ ಮಾಡಿ. ಬಿಚ್ಚುವಾಗ ಮೊದಲು ಮೈನಸ್, ಹಾಕುವಾಗ ಕೊನೆಗೆ ಮೈನಸ್. ಗಾಡಿಯ ಇಡೀ ಬಾಡಿ ಮೈನಸ್ಸಿಗೆ ಸೇರಿರುವುದರಿಂದ ಪ್ಲಸ್ ಬಿಚ್ಚುವ ಸ್ಪ್ಯಾನರ್ ಬಾಡಿಗೆ ತಗುಲಿದರೆ ಕಿಡಿ ಹಾರುತ್ತದೆ. ಇನ್ನೊಂದು ಗಾಡಿಯಿಂದ ಜಂಪ್ ಮಾಡುವಾಗಲೂ ಇದೇ ಎಚ್ಚರ ಬೇಕು. ಕೆಂಪು ವೈರ್ ಪ್ಲಸ್ಸಿನಿಂದ ಪ್ಲಸ್ಸಿಗೆ. ಕಪ್ಪು ವೈರಿನ ಒಂದು ತುದಿ ಒಳ್ಳೆಯ ಬ್ಯಾಟರಿಯ ಮೈನಸ್ಸಿಗೆ, ಇನ್ನೊಂದು ತುದಿ ಕೆಟ್ಟ ಗಾಡಿಯ ಇಂಜಿನ್ನಿನ ಬರಿಯ ಲೋಹಕ್ಕೆ, ಬ್ಯಾಟರಿಯಿಂದ ದೂರದಲ್ಲಿ. ಬ್ಯಾಟರಿ ಹೊರಬಿಡುವ ಹೈಡ್ರೋಜನ್ ಅನಿಲಕ್ಕೆ ಕಿಡಿ ತಾಗಬಾರದು.

ಸೆಲ್ಫ್ ಜೋರಾಗಿ ತಿರುಗುತ್ತಿದೆ, ಆದರೂ ಇಂಜಿನ್ ಹಿಡಿಯುತ್ತಿಲ್ಲ ಎಂದರೆ ಕಥೆಯೇ ಬೇರೆ. ಪೆಟ್ರೋಲ್ ಬರುತ್ತಿಲ್ಲ, ಇಲ್ಲವೇ ಪ್ಲಗ್ಗಿನಲ್ಲಿ ಕಿಡಿ ಇಲ್ಲ, ಇಲ್ಲವೇ ಗಾಡಿಯ ಕಂಪ್ಯೂಟರ್ ಒಪ್ಪುತ್ತಿಲ್ಲ. ಸೆಲ್ಫ್ ಹೊಡೆಯದೆ ಕೀ ಮಾತ್ರ ಆನ್ ಮಾಡಿ. ಇಂಜೆಕ್ಷನ್ ಇರುವ ಹೆಚ್ಚಿನ ಪೆಟ್ರೋಲ್ ಗಾಡಿಗಳಲ್ಲಿ ಹಿಂದಿನ ಸೀಟಿನ ಕೆಳಗೆ, ಟ್ಯಾಂಕಿನೊಳಗಿಂದ, ಒಂದೆರಡು ಸೆಕೆಂಡ್ 'ಗುಂಯ್' ಎಂದು ಪಂಪಿನ ಸದ್ದು ಬರಬೇಕು. ಬರದಿದ್ದರೆ ಫ್ಯೂಸ್ ನೋಡಿ, ಆಮೇಲೆ ರಿಲೇ, ಕೊನೆಗೆ ಪಂಪ್. ನಮ್ಮ ಕಡೆ ಇನ್ನೊಂದನ್ನು ಸೇರಿಸಲೇಬೇಕು: ಇಲಿ. ಆಷಾಢದ ಮಳೆಗೆ ಹೊರಗೆಲ್ಲ ಥಂಡಿ ಹಿಡಿದಾಗ, ಆರುತ್ತಿರುವ ಇಂಜಿನ್ನಿನ ಬಿಸಿಗೆ ಬಂದು ವೈರ್ ಕಡಿಯುತ್ತವೆ. ಬಾನೆಟ್ ತೆಗೆದು ಅಡಿಕೆ ಸಿಪ್ಪೆ, ಹಿಕ್ಕೆ ಕಂಡರೆ ಮುಂದೆ ಹುಡುಕುವ ಜಾಗ ಗೊತ್ತಾಯಿತು.

ಡ್ಯಾಶ್‌ಬೋರ್ಡಿನಲ್ಲಿ ಕೀ ಅಥವಾ ಬೀಗದ ಚಿತ್ರ ಮಿಣುಕುತ್ತಿದ್ದರೆ ಇಮೊಬಿಲೈಸರ್ ನಿಮ್ಮ ಕೀಯನ್ನು ಗುರುತಿಸಿಲ್ಲ. ಇನ್ನೊಂದು ಕೀ ತಂದು ನೋಡಿ. ಪೆಟ್ರೋಲ್ ವಾಸನೆ ಗಪ್ಪೆಂದು ಬಂದರೆ ಪ್ಲಗ್ ಒದ್ದೆಯಾಗಿದೆ. ಆಕ್ಸಿಲರೇಟರ್ ಪೂರ್ತಿ ತುಳಿದು ಸೆಲ್ಫ್ ಹೊಡೆದರೆ ಹೆಚ್ಚಿನ ಇಂಜೆಕ್ಷನ್ ಗಾಡಿಗಳು ಪೆಟ್ರೋಲ್ ನಿಲ್ಲಿಸಿ ಬರೀ ಗಾಳಿ ಎಳೆಯುತ್ತವೆ, ಪ್ಲಗ್ ಒಣಗುತ್ತದೆ. ಡೀಸೆಲ್ಲಿಗೆ ಕಿಡಿಯ ಗೊಡವೆಯಿಲ್ಲ. ಗಾಳಿಯನ್ನು ಒತ್ತಿ ಬಿಸಿ ಮಾಡಿಯೇ ಅದು ಉರಿಯುವುದು. ಅದಕ್ಕೇ ಚಳಿಯಲ್ಲಿ ಸುರುಳಿಯಂಥ ಗ್ಲೋ ದೀಪ ಆರುವವರೆಗೆ ಕಾಯಬೇಕು. ಟ್ಯಾಂಕ್ ಪೂರ್ತಿ ಬರಿದಾಗಿ ಏರ್‌ಲಾಕ್ ಆಗಿದ್ದರೆ ಡೀಸೆಲ್ ತುಂಬಿದ ಮಾತ್ರಕ್ಕೆ ಹೊರಡದು. ಫಿಲ್ಟರ್ ಬಳಿ ಕೈಪಂಪ್ ಇದ್ದರೆ, ಅದು ಗಟ್ಟಿಯಾಗುವ ತನಕ ಒತ್ತಿ ಗಾಳಿ ತೆಗೆಯಬೇಕು.

ಇದೆಲ್ಲಕ್ಕಿಂತ ನನಗೆ ಹೆಚ್ಚು ಸಂಕಟವಾಗುವುದು ನೀರು ಹೊಕ್ಕ ಗಾಡಿಗಳನ್ನು ಕಂಡಾಗ. ತೋಡು ಉಕ್ಕಿದ ರಸ್ತೆಯಲ್ಲಿ ಇಂಜಿನ್ ನಿಂತುಹೋದರೆ ಕೀ ಮುಟ್ಟಲೇಬೇಡಿ, ತಳ್ಳಿ ಸ್ಟಾರ್ಟ್ ಮಾಡಲೂ ಹೋಗಬೇಡಿ. ಸಿಲಿಂಡರಿನಲ್ಲಿ ಪಿಸ್ಟನ್ ಗಾಳಿಯನ್ನು ಒತ್ತಬಲ್ಲದು, ನೀರನ್ನು ಒತ್ತಲಾರದು. ಒತ್ತಲು ಹೋದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಗ್ಯಾರೇಜಿಗೆ ಎಳೆಸಿಕೊಂಡು ಬಂದ ಗಾಡಿಯಾದರೆ ಏರ್ ಫಿಲ್ಟರ್ ತೆಗೆದು ಒದ್ದೆಯೇ ನೋಡಿ, ಪ್ಲಗ್ಗುಗಳನ್ನು ಬಿಚ್ಚಿ ಇಂಜಿನ್ ತಿರುಗಿಸಿ ನೀರು ಹೊರಹಾಕಿ, ಆಯಿಲ್ ಬದಲಿಸುತ್ತೇವೆ. ಅಲ್ಲೇ ಸೆಲ್ಫ್ ಹೊಡೆದು ಬಂದ ಗಾಡಿಯಾದರೆ ಇಂಜಿನ್ ಇಳಿಸಬೇಕಾಗುತ್ತದೆ.